ಕ್ಯಾಂಪಸ್ಸಿನಲ್ಲಿ ವಸಂತದ ಕಲೋತ್ಸವ: ದಾವಣಗೆರೆ–ಚಿತ್ರದುರ್ಗದ ಸಂಘಟಕರು ಪದೇ ಪದೇ ಕೇಳುವ ಪ್ರಶ್ನೆಗಳು

ತೋಳಹುಣಸೆಯಲ್ಲಿರುವ ದಾವಣಗೆರೆ ವಿಶ್ವವಿದ್ಯಾನಿಲಯದ ಆವರಣ ಶಿವಗಂಗೋತ್ರಿ ಇರಲಿ, ಚಿತ್ರದುರ್ಗದ ಜ್ಞಾನಗಂಗೋತ್ರಿ ಸ್ನಾತಕೋತ್ತರ ಕೇಂದ್ರ ಇರಲಿ, ಎರಡೂ ಜಿಲ್ಲೆಗಳ ಯಾವುದೇ ಪದವಿ ಕಾಲೇಜಿರಲಿ, ಶಿವರಾತ್ರಿ ಹತ್ತಿರವಾದರೆ ಸಾಂಸ್ಕೃತಿಕ ಸಮಿತಿಯವರ ಓಡಾಟ ಶುರುವಾಗುತ್ತದೆ. ವಿದ್ಯಾರ್ಥಿಗಳ ಹುಮ್ಮಸ್ಸಿಗೆ ಕೊರತೆ ಇರುವುದಿಲ್ಲ. ಕೊರತೆ ಬೀಳುವುದು ನೆರಳು, ನೀರು, ಕರೆಂಟು ಮತ್ತು ಬಂದ ಕಲಾವಿದರಿಗೆ ಕೊಡಬೇಕಾದ ಸಮಯ. ಕೆಳಗಿನ ಉತ್ತರಗಳು ಹೆಚ್ಚಾಗಿ ಈ ನಾಲ್ಕರ ಸುತ್ತಲೇ ಇವೆ.

ಯಾವ ವಾರ ಇಟ್ಟುಕೊಂಡರೆ ಒಳ್ಳೆಯದು?

ಶಿವರಾತ್ರಿ ಮುಗಿದ ಮೇಲೆ, ಯುಗಾದಿಗೆ ಕನಿಷ್ಠ ಒಂದು ವಾರ ಮೊದಲು. ಪಂಚಾಂಗದ ವಸಂತ ಚೈತ್ರದಲ್ಲಿ ಶುರುವಾದರೂ ನಮ್ಮ ಬಯಲುಸೀಮೆಯಲ್ಲಿ ಮುತ್ತುಗ ಹೂ ಬಿಟ್ಟು ಹೊಂಗೆ ಚಿಗುರುವ ಫಾಲ್ಗುಣವೇ ಹೊರಾಂಗಣ ಕಾರ್ಯಕ್ರಮಕ್ಕೆ ತಕ್ಕ ಕಾಲ. ಮಾರ್ಚ್ ನಡುವಿಗೆ ಹಗಲಿನ ಬಿಸಿಲು 35 ಡಿಗ್ರಿ ದಾಟುವುದು ಸಾಮಾನ್ಯ, ಏಪ್ರಿಲ್‌ನಲ್ಲಿ 37–38ಕ್ಕೆ ಏರುತ್ತದೆ. ಯುಗಾದಿಗೆ ಹಾಸ್ಟೆಲ್ ಖಾಲಿಯಾಗುತ್ತದೆ, ಊರಿಗೆ ಹೋದವರು ನಾಲ್ಕೈದು ದಿನ ಬರುವುದಿಲ್ಲ.

ದಿನಾಂಕ ಗೊತ್ತು ಮಾಡುವ ಮೊದಲು ನಾಲ್ಕು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಆಂತರಿಕ ಪರೀಕ್ಷೆಯ ವೇಳಾಪಟ್ಟಿ, ದ್ವಿತೀಯ ಪಿಯು ಮತ್ತು ಎಸ್ಸೆಸ್ಸೆಲ್ಸಿ ಪರೀಕ್ಷೆಯ ದಿನಗಳು, ಜಾತ್ರೆಗಳು, ಚುನಾವಣೆ ಇದ್ದರೆ ನೀತಿಸಂಹಿತೆ. ಜಾತ್ರೆಯನ್ನು ಮರೆಯುವವರೇ ಹೆಚ್ಚು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ತೇರು ಫಾಲ್ಗುಣದಲ್ಲೇ ಬರುತ್ತದೆ. ದಾವಣಗೆರೆಯ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಹೆಚ್ಚುಕಡಿಮೆ ಇದೇ ಕಾಲಕ್ಕೆ ಬೀಳುತ್ತದೆ. ಆ ವಾರ ಶಾಮಿಯಾನದವರು, ಮೈಕ್‌ಸೆಟ್‌ನವರು, ಅಡುಗೆಯವರು, ಬಸ್ಸು ಯಾವುದೂ ಸಿಗುವುದಿಲ್ಲ. ಸಿಕ್ಕರೂ ಬಾಡಿಗೆ ಹೆಚ್ಚು. ಜನಪದ ತಂಡಗಳು ಕೂಡ ಜಾತ್ರೆಗೆ ಒಪ್ಪಿಕೊಂಡಿರುತ್ತವೆ, ಅವರನ್ನು ಅಲ್ಲಿಂದ ಎಳೆದು ತರುವುದು ನ್ಯಾಯವೂ ಅಲ್ಲ.

ಮಾರ್ಚ್ 21ರ ವಿಶ್ವ ಕಾವ್ಯ ದಿನ, 27ರ ವಿಶ್ವ ರಂಗಭೂಮಿ ದಿನ ಇವುಗಳಿಗೆ ದೊಡ್ಡ ಪೆಂಡಾಲ್ ಬೇಡ. ಒಂದು ಸಭಾಂಗಣ, ಒಂದೂವರೆ ಗಂಟೆ ಸಾಕು.

ದಿನದ ವೇಳಾಪಟ್ಟಿ ಹೇಗೆ ಹಾಕಬೇಕು?

ಸೂರ್ಯನನ್ನು ನೋಡಿ ಹಾಕಿ. ಬೆಳಿಗ್ಗೆ 7:30ರಿಂದ 10:30ರವರೆಗೆ ಹೊರಗಿನ ಸ್ಪರ್ಧೆಗಳು: ರಂಗೋಲಿ, ಸ್ಥಳದಲ್ಲೇ ಚಿತ್ರ ಬಿಡಿಸುವುದು, ಮೆರವಣಿಗೆ. 11ರಿಂದ 4ರವರೆಗೆ ಪೂರ್ತಿ ಒಳಾಂಗಣ: ಚರ್ಚಾಸ್ಪರ್ಧೆ, ರಸಪ್ರಶ್ನೆ, ಭಾವಗೀತೆ, ಏಕಪಾತ್ರಾಭಿನಯ, ಕವಿಗೋಷ್ಠಿ. 4:30ಕ್ಕೆ ಮೈಕ್ ಮತ್ತು ಬೆಳಕಿನ ಪರೀಕ್ಷೆ. ಮಾರ್ಚ್‌ನಲ್ಲಿ ಇಲ್ಲಿ ಹೊತ್ತು ಮುಳುಗುವುದು ಸುಮಾರು 6:30ಕ್ಕೆ. ಬಯಲು ವೇದಿಕೆಯ ಪರದೆ ಅದಕ್ಕಿಂತ ಮುಂಚೆ ಏಳಬಾರದು. 9:30ಕ್ಕೆ ಕೊನೆಯ ತಂಡ ಇಳಿಯುವಂತಿರಬೇಕು.

ವೇದಿಕೆ ಯಾವ ದಿಕ್ಕಿಗೆ ಮುಖ ಮಾಡಬೇಕೆಂದು ಹಲವರು ಯೋಚಿಸುವುದೇ ಇಲ್ಲ. ಮಾರ್ಚ್ 21ರ ಆಸುಪಾಸಿನಲ್ಲಿ ಸೂರ್ಯ ನೆಟ್ಟಗೆ ಪಶ್ಚಿಮಕ್ಕೆ ಇಳಿಯುತ್ತಾನೆ. ವೇದಿಕೆ ಪಶ್ಚಿಮಕ್ಕೆ ಮುಖ ಮಾಡಿದ್ದರೆ ಕುಣಿಯುವವರ ಕಣ್ಣಿಗೆ ಬಿಸಿಲು, ಪೂರ್ವಕ್ಕೆ ಮಾಡಿದ್ದರೆ ಕೂತವರ ಕಣ್ಣಿಗೆ. ಮೈದಾನದ ಉತ್ತರ ಅಥವಾ ದಕ್ಷಿಣ ತುದಿಯಲ್ಲಿ ವೇದಿಕೆ ಕಟ್ಟಿ, ಬಿಸಿಲು ಪಕ್ಕದಿಂದ ಬೀಳುವಂತೆ ನೋಡಿಕೊಳ್ಳಿ.

ಉದ್ಘಾಟನೆಗೆ ಎಷ್ಟು ಸಮಯ?

ನಲವತ್ತು ನಿಮಿಷ, ಅದಕ್ಕಿಂತ ಒಂದು ನಿಮಿಷವೂ ಹೆಚ್ಚಿಲ್ಲ. ನಾಡಗೀತೆಗೆ ರಾಜ್ಯ ಸರ್ಕಾರ 2022ರಲ್ಲಿ 2 ನಿಮಿಷ 30 ಸೆಕೆಂಡಿನ ಮಿತಿ ಹಾಕಿದೆ. ಆಲಾಪ, ಪುನರಾವರ್ತನೆ ಇಲ್ಲದೆ ಹಾಡಬೇಕು. ಹಾಡುವ ತಂಡಕ್ಕೆ ಇದನ್ನು ಮೊದಲೇ ಹೇಳಿ. ಸ್ವಾಗತಕ್ಕೆ 4, ಪ್ರಾಸ್ತಾವಿಕಕ್ಕೆ 5, ಉದ್ಘಾಟಕರಿಗೆ 12, ಅತಿಥಿಗಳಿಗೆಲ್ಲ ಸೇರಿ 8, ಅಧ್ಯಕ್ಷರಿಗೆ 5, ವಂದನಾರ್ಪಣೆಗೆ 2. ವೇದಿಕೆ ಮೇಲೆ ಹನ್ನೆರಡು ಕುರ್ಚಿ ಹಾಕಿದರೆ ಈ ಲೆಕ್ಕ ಅಲ್ಲಿಗೇ ಕೆಟ್ಟಿತು, ಆರು ಕುರ್ಚಿ ಹಾಕಿ. ಹಾರ–ಶಾಲು ಒಬ್ಬೊಬ್ಬರಿಗೆ ಒಂದೊಂದು ಸಲ ಬೇಡ, ಎಲ್ಲರಿಗೂ ಒಟ್ಟಿಗೆ ಹಾಕಿಸಿ. ಭಾಷಣ ಒಂದು ಗಂಟೆ ಜಾಸ್ತಿಯಾದರೆ ಪೆಟ್ಟು ಬೀಳುವುದು ಮೂರು ತಿಂಗಳು ಅಭ್ಯಾಸ ಮಾಡಿ ಕೊನೆಯಲ್ಲಿ ಸರದಿ ಪಡೆದ ಹುಡುಗರಿಗೆ. ರಾತ್ರಿ 10ಕ್ಕೆ ಮೈಕ್ ನಿಲ್ಲಿಸಬೇಕಾದಾಗ ಅವರ ನಾಟಕ ಅರ್ಧಕ್ಕೆ ನಿಲ್ಲುತ್ತದೆ. ಇದಕ್ಕಿಂತ ದೊಡ್ಡ ಅನ್ಯಾಯ ಉತ್ಸವದಲ್ಲಿ ಇನ್ನೊಂದಿಲ್ಲ.

ಯಾವ ಯಾವ ಅನುಮತಿ ಬೇಕು?

ಒಳಗಡೆ: ಕುಲಸಚಿವರ ಅಥವಾ ಪ್ರಾಂಶುಪಾಲರ ಲಿಖಿತ ಒಪ್ಪಿಗೆ, ವಿದ್ಯಾರ್ಥಿ ಕ್ಷೇಮಪಾಲನ ವಿಭಾಗಕ್ಕೆ ಪ್ರತಿ, ವಿದ್ಯುತ್ ಸಂಪರ್ಕಕ್ಕೆ ಎಂಜಿನಿಯರಿಂಗ್ ವಿಭಾಗ, ರಾತ್ರಿ ಕಾವಲಿಗೆ ಭದ್ರತಾ ವಿಭಾಗ. ಹೊರಗಡೆ: ಧ್ವನಿವರ್ಧಕಕ್ಕೆ ಪೊಲೀಸ್ ಅನುಮತಿ. ಹದಿನೈದು ದಿನ ಮುಂಚೆ ಅರ್ಜಿ ಕೊಟ್ಟರೆ ತಿದ್ದುಪಡಿಗೂ ಸಮಯ ಸಿಗುತ್ತದೆ.

2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಆಸ್ಪತ್ರೆ, ನ್ಯಾಯಾಲಯ, ಶಿಕ್ಷಣ ಸಂಸ್ಥೆಗಳ ಸುತ್ತ 100 ಮೀಟರನ್ನು ನಿಶ್ಶಬ್ದ ವಲಯವೆಂದು ಘೋಷಿಸಲು ಅವಕಾಶವಿದೆ. ನಗರದೊಳಗಿನ ಕಾಲೇಜುಗಳಿಗೆ ಇದು ಮುಖ್ಯ, ಪಕ್ಕದಲ್ಲೇ ಆಸ್ಪತ್ರೆ ಇರುವ ಕ್ಯಾಂಪಸ್ಸುಗಳು ದಾವಣಗೆರೆಯಲ್ಲಿ ಕಡಿಮೆಯೇನಲ್ಲ. ಪರೀಕ್ಷಾ ಕೇಂದ್ರ ಹತ್ತಿರವಿದ್ದರೆ ಹಗಲಿನ ಮೈಕ್ ಪೂರ್ತಿ ಬಿಟ್ಟುಬಿಡಿ.

ಚಿತ್ರದುರ್ಗದ ಕೋಟೆ ಅಥವಾ ಚಂದ್ರವಳ್ಳಿಯಲ್ಲಿ ಚಿತ್ರಕಲಾ ಶಿಬಿರ ಮಾಡುವವರು ಇನ್ನೊಂದು ವಿಷಯ ತಿಳಿದಿರಬೇಕು. ಅವು ಸಂರಕ್ಷಿತ ಸ್ಮಾರಕಗಳು. ಪುಸ್ತಕ–ಪೆನ್ಸಿಲ್ ಹಿಡಿದು ಕೂತು ಬರೆಯುವುದಕ್ಕೆ ತೊಂದರೆ ಇಲ್ಲ. ಕ್ಯಾಮೆರಾ ಸ್ಟ್ಯಾಂಡ್, ಬ್ಯಾನರ್, ಧ್ವನಿವರ್ಧಕ, ಪ್ರದರ್ಶನ ಎಂದರೆ ಪುರಾತತ್ವ ಇಲಾಖೆಯ ಲಿಖಿತ ಅನುಮತಿ ಬೇಕು. ಬಂಡೆಗೆ ಬಣ್ಣ ತಾಗಿಸುವುದು, ಟೇಪು ಅಂಟಿಸುವುದು ಯಾವ ಕಾರಣಕ್ಕೂ ಬೇಡ.

ನಾಟಕ ಆಡಲು, ಹಾಡು ಹಾಡಲು ಹಕ್ಕುಸ್ವಾಮ್ಯದ ಅನುಮತಿ ಬೇಕೇ?

ಯಾರು ನೋಡುತ್ತಾರೆ ಎನ್ನುವುದರ ಮೇಲೆ ಹೋಗುತ್ತದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ವಿನಾಯಿತಿ ಇದೆ: ಶಿಕ್ಷಣ ಸಂಸ್ಥೆಯ ಚಟುವಟಿಕೆಯ ಭಾಗವಾಗಿ ಸಿಬ್ಬಂದಿ ಮತ್ತು ವಿದ್ಯಾರ್ಥಿಗಳೇ ಆಡಿದರೆ, ನೋಡುವವರು ಸಿಬ್ಬಂದಿ, ವಿದ್ಯಾರ್ಥಿಗಳು, ಪೋಷಕರು ಮತ್ತು ಸಂಸ್ಥೆಗೆ ಸಂಬಂಧಪಟ್ಟವರು ಮಾತ್ರ ಆಗಿದ್ದರೆ ಉಲ್ಲಂಘನೆ ಆಗುವುದಿಲ್ಲ. ಹವ್ಯಾಸಿ ತಂಡ ಹಣ ಪಡೆಯದೆ ಆಡಿದರೂ ವಿನಾಯಿತಿ ಇದೆ. ಟಿಕೆಟ್ ಇಟ್ಟರೆ ನಾಟಕಕಾರರ ಅಥವಾ ಅವರ ವಾರಸುದಾರರ ಅನುಮತಿ ಬೇಕೇ ಬೇಕು.

ಹಕ್ಕು ಇರುವುದು ಲೇಖಕರ ಜೀವಿತಾವಧಿ ಮತ್ತು ಆಮೇಲಿನ 60 ವರ್ಷ. ಕೈಲಾಸಂ ತೀರಿಕೊಂಡದ್ದು 1946ರಲ್ಲಿ, ಹಾಗಾಗಿ 2006ರ ಕೊನೆಗೆ ಅವರ ನಾಟಕಗಳ ಹಕ್ಕು ಮುಗಿದಿದೆ. ಅನುವಾದವಾದರೆ ಮೂಲ ಲೇಖಕರ ಹಕ್ಕು ಬೇರೆ, ಅನುವಾದಕರದ್ದು ಬೇರೆ. ಅನುಮತಿ ಬೇಡದ ಸಂದರ್ಭದಲ್ಲೂ ಲೇಖಕರಿಗೆ ಒಂದು ಪತ್ರ ಬರೆದು ತಿಳಿಸುವುದು, ಕರಪತ್ರದಲ್ಲಿ ಹೆಸರು ಹಾಕುವುದು ಮರ್ಯಾದೆ. ಯೂಟ್ಯೂಬ್‌ನಲ್ಲಿ ನೇರಪ್ರಸಾರ ಮಾಡುವವರು ಗಮನಿಸಿ: ಮೇಲಿನ ವಿನಾಯಿತಿ ಅದಕ್ಕೆ ಬರುವುದಿಲ್ಲ. ಸಿನಿಮಾ ಹಾಡಿಗೆ ಕುಣಿದ ನೃತ್ಯ ಇದ್ದರೆ ಪ್ರಸಾರದ ಧ್ವನಿಯೇ ಬಂದ್ ಆಗಬಹುದು. ಆ ಭಾಗ ಬಂದಾಗ ಪ್ರಸಾರ ನಿಲ್ಲಿಸಿ.

ಯಾವ ಜನಪದ ಕಲೆಗಳನ್ನು ಕರೆಸಬಹುದು? ಕರೆಸುವಾಗ ಏನೇನು ನೋಡಬೇಕು?

ಎರಡು ಜಿಲ್ಲೆಗಳಲ್ಲೇ ಒಂದು ವಾರ ಬೇರೆ ಬೇರೆ ತಂಡ ತರುವಷ್ಟು ಇದೆ. ಎಲ್ಲಿಂದಲೋ ಹೆಸರಾದವರನ್ನು ಕರೆಸುವ ಮೊದಲು ನಿಮ್ಮ ವಿದ್ಯಾರ್ಥಿಗಳ ಊರುಗಳನ್ನೇ ಕೇಳಿ. ಡೊಳ್ಳು, ವೀರಗಾಸೆ, ಹಲಗೆ, ಉರುಮೆ, ಕೋಲಾಟ, ಭಜನೆ, ಸೋಬಾನೆ, ಲಂಬಾಣಿ ಕುಣಿತ, ದೊಡ್ಡಾಟ ಎಲ್ಲವೂ ಇಲ್ಲಿ ಇವತ್ತಿಗೂ ಬದುಕಿರುವ ಕಲೆಗಳು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಸಾವಿರಾರು ಜನಪದ ಹಾಡುಗಳನ್ನು ನೆನಪಿನಲ್ಲೇ ಇಟ್ಟುಕೊಂಡಿದ್ದವರು. ಅಂಥ ಪರಂಪರೆಯ ಹಟ್ಟಿಗಳು ಕ್ಯಾಂಪಸ್ಸಿನಿಂದ ಒಂದೆರಡು ಗಂಟೆಯ ದಾರಿಯಲ್ಲಿವೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಲಂಬಾಣಿಗರ ಗುರು ಸಂತ ಸೇವಾಲಾಲರ ಜನ್ಮಸ್ಥಳ, ಫೆಬ್ರವರಿ 15ರ ಜಯಂತಿ ಹೊತ್ತಿಗೆ ಲಂಬಾಣಿ ತಂಡಗಳೆಲ್ಲ ಅಲ್ಲೇ ಇರುತ್ತವೆ, ಆ ವಾರ ಕರೆಯಬೇಡಿ.

ತಂಡ ಹುಡುಕಲು ಜಿಲ್ಲಾ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಅದರ ಜೊತೆಗೆ ಹಳ್ಳಿಗೇ ಒಮ್ಮೆ ಹೋಗಿ ತಂಡದ ಮುಖ್ಯಸ್ಥರ ಹತ್ತಿರ ಕೂತು ಮಾತಾಡಿ. ಎಷ್ಟು ಜನ ಬರುತ್ತಾರೆ, ಎಷ್ಟು ಹೊತ್ತು ಆಡುತ್ತಾರೆ, ವೇಷಕ್ಕೆ ಎಷ್ಟು ಸಮಯ ಬೇಕು, ಆ ಕಲೆಯ ಆಚರಣೆ ಏನು, ಇದನ್ನೆಲ್ಲ ಬರೆದುಕೊಳ್ಳಿ. ವೀರಗಾಸೆಯವರು ಒಡಪು ಹೇಳುವಾಗ ನಿರೂಪಕರು ನಡುವೆ ಬಾಯಿ ಹಾಕಬಾರದು. ಕಾಡುಗೊಲ್ಲರಿಗೆ ಜುಂಜಪ್ಪನ ಗಣೆ (ಬಿದಿರಿನ ಉದ್ದ ಕೊಳಲು) ಬರೀ ವಾದ್ಯವಲ್ಲ, ದೇವರ ಸಾಮಾನು. ಕೇಳದೆ ಮುಟ್ಟಬೇಡಿ, ಸೆಲ್ಫಿಗೆ ಕೈಯಲ್ಲಿ ಹಿಡಿಯಬೇಡಿ.

ಸರದಿ ಹಾಕುವಾಗಲೂ ಎಚ್ಚರ ಬೇಕು. ಗಣೆ, ಸೋಬಾನೆ, ತತ್ವಪದ ಇವೆಲ್ಲ ಮೆತ್ತನೆ ದನಿಯವು. ಡೊಳ್ಳಿನ ಬೆನ್ನಿಗೆ ಹಾಕಿದರೆ ಯಾರ ಕಿವಿಗೂ ಬೀಳುವುದಿಲ್ಲ. ಅವನ್ನು ಮೊದಲಿಗೆ, ಜನ ಇನ್ನೂ ಸಮಾಧಾನವಾಗಿ ಕೂತಿರುವಾಗ ಇಡಿ. ಡೊಳ್ಳು ಕೊನೆಗೆ.

ಹಲಗೆಯವರಿಗೆ ವೇದಿಕೆಯ ಹಿಂದೆ ಬೆಂಕಿ ಬೇಕಾಗುತ್ತದೆ. ಹುಲ್ಲು ಅಥವಾ ಹಳೆ ಪೇಪರ್ ಉರಿಸಿ, ಹಲಗೆಯನ್ನು ಉರಿಗೆ ಓರೆ ಹಿಡಿದು ನಿಧಾನ ತಿರುಗಿಸುತ್ತಾ, ನಡುನಡುವೆ ಬೆರಳಲ್ಲಿ ತಟ್ಟಿ ನೋಡುತ್ತಾರೆ. ಚರ್ಮ ಬಿಗಿದಂತೆ ದನಿ ‘ದಬ್’ ಎನ್ನುವುದರಿಂದ ‘ಟಣ್’ ಎನ್ನುವುದಕ್ಕೆ ಏರುತ್ತದೆ, ಆಗ ಎದ್ದು ನಿಲ್ಲುತ್ತಾರೆ. ಸಂಜೆ ತಂಪಿಗೆ ಚರ್ಮ ಮತ್ತೆ ಸಡಿಲವಾಗುವುದರಿಂದ ಕಾಯಿಸಿದ ಹತ್ತು ನಿಮಿಷದೊಳಗೆ ಅವರನ್ನು ವೇದಿಕೆಗೆ ಕರೆಯಬೇಕು. ‘ಅತಿಥಿಗಳು ಎರಡು ಮಾತು ಆಡುತ್ತಾರೆ, ಸ್ವಲ್ಪ ತಡೆಯಿರಿ’ ಎಂದರೆ ಅವರ ಕೆಲಸ ಹಾಳು. ಪೆಂಡಾಲ್ ಬಟ್ಟೆಯಿಂದ ಕನಿಷ್ಠ 30 ಅಡಿ ದೂರದಲ್ಲಿ, ಒಣಹುಲ್ಲು ಕಿತ್ತು ನೀರು ಚಿಮುಕಿಸಿದ ಜಾಗ ಮಾಡಿಕೊಟ್ಟು, ಪಕ್ಕದಲ್ಲಿ ಎರಡು ಬಕೆಟ್ ಮರಳು, ಎರಡು ಬಕೆಟ್ ನೀರು ಇಡಿ.

ದೊಡ್ಡಾಟದವರಿಗೆ ಬಣ್ಣ ಹಚ್ಚಿ, ಕಿರೀಟ, ಭುಜಕೀರ್ತಿ ಕಟ್ಟಲು ಎರಡರಿಂದ ಮೂರು ಗಂಟೆ ಬೇಕು. ಫ್ಯಾನ್, ಕನ್ನಡಿ, ಒಳ್ಳೆಯ ಬೆಳಕು, ಬಾಗಿಲಿಗೆ ಚಿಲಕ ಇರುವ ಕೋಣೆ ಕೊಡಿ. ರಾತ್ರಿಯಿಡೀ ಆಡುವ ಪ್ರಸಂಗವನ್ನು ಎರಡು ಗಂಟೆಗೆ ಇಳಿಸುವುದು ಭಾಗವತರ ಕೆಲಸ, ಸಮಿತಿಯದಲ್ಲ. ಹದಿನೈದು ದಿನ ಮುಂಚೆ ಹೇಳಿದರೆ ಯಾವ ಭಾಗ ಉಳಿಸಬೇಕೆಂದು ಅವರೇ ಕೂಡಿಸಿಕೊಂಡು ಬರುತ್ತಾರೆ.

ಕಲಾವಿದರ ಸಂಭಾವನೆ ಹೇಗೆ ಕೊಡಬೇಕು?

ಮಾತಾಡಿದ ಮೊತ್ತವನ್ನು ಪತ್ರದಲ್ಲಿ ಬರೆದುಕೊಡಿ. ಪ್ರಯಾಣ ವೆಚ್ಚ ಸಂಭಾವನೆಯ ಒಳಗೋ ಹೊರಗೋ ಎಂಬುದು ಆ ಪತ್ರದಲ್ಲೇ ಇರಲಿ. ಮುಖ್ಯಸ್ಥರ ಬ್ಯಾಂಕ್ ಪಾಸ್‌ಬುಕ್, ಪ್ಯಾನ್, ಆಧಾರ್ ಪ್ರತಿಗಳನ್ನು ಕಾರ್ಯಕ್ರಮಕ್ಕೆ ಮುಂಚೆಯೇ ತೆಗೆದುಕೊಳ್ಳಿ. 5,000 ರೂಪಾಯಿ ಮೀರಿದ ರಸೀದಿಗೆ ಒಂದು ರೂಪಾಯಿಯ ರೆವೆನ್ಯೂ ಸ್ಟಾಂಪ್ ಬೇಕು, ನಾಲ್ಕು ಸ್ಟಾಂಪ್ ತಂದಿಟ್ಟುಕೊಂಡರೆ ರಾತ್ರಿ ಹನ್ನೊಂದಕ್ಕೆ ಹುಡುಕಾಟ ಇರುವುದಿಲ್ಲ. ಸಂಸ್ಥೆಯಿಂದ ಮುಂಗಡ ಹಣ ಪಡೆದು ಗಾಡಿ ಬಾಡಿಗೆಯನ್ನಾದರೂ ಅವತ್ತೇ ಕೈಗೆ ಕೊಡಿ. ದಿನಗೂಲಿ ಬಿಟ್ಟು ಬಂದವರನ್ನು ಬಿಲ್ ಪಾಸಾಗುವವರೆಗೆ ತಿಂಗಳುಗಟ್ಟಲೆ ಕಾಯಿಸಬಾರದು. ಬಜೆಟ್ಟಿನಲ್ಲಿ ಏನಾದರೂ ಕಡಿತ ಮಾಡಬೇಕಾಗಿ ಬಂದರೆ ಎಲ್‌ಇಡಿ ಪರದೆ, ಸ್ಮರಣಿಕೆ, ಹಾರ–ತುರಾಯಿಯಲ್ಲಿ ಮಾಡಿ.

ವೇದಿಕೆಯ ಅಳತೆ ಎಷ್ಟಿರಬೇಕು?

ನಾಟಕ ಮತ್ತು ಗುಂಪು ನೃತ್ಯಕ್ಕೆ 30 ಅಡಿ ಅಗಲ, 24 ಅಡಿ ಆಳ. ಎತ್ತರ ಮೂರರಿಂದ ಮೂರೂವರೆ ಅಡಿ. ಎರಡು ಕಡೆಯೂ ಮೆಟ್ಟಿಲು, ಎರಡು ಕಡೆಯೂ 8 ಅಡಿ ಮರೆ. ಮೇಲೆ ಹಾಸುವ ಕೆಂಪು ಕಾರ್ಪೆಟ್ಟನ್ನು ಬಿಗಿಯಾಗಿ ಎಳೆದು ಅಂಚಿಗೆ ಟೇಪು ಹಾಕಿ. ಗೆಜ್ಜೆ ಸಿಕ್ಕಿ ಬೀಳುವುದು ಸುಕ್ಕಿನಲ್ಲೇ. ಬರಿಗಾಲಲ್ಲಿ ಕುಣಿಯುವವರಿಗಾಗಿ ಮೊಳೆ, ಸ್ಟೇಪಲ್ ಪಿನ್ ಇದೆಯೇ ಎಂದು ಕೈ ಸವರಿ ನೋಡಿ. ಮಧ್ಯಾಹ್ನ ಬಿಸಿಲಿಗೆ ಕಾದ ವೇದಿಕೆ ಸಂಜೆ 6ಕ್ಕೂ ಸುಡುತ್ತಿರುತ್ತದೆ. 5ಕ್ಕೇ ನೀರು ಚಿಮುಕಿಸಿ ಒಣಗಲು ಬಿಡಿ.

ಡೊಳ್ಳನ್ನು ವೇದಿಕೆ ಮೇಲೆ ಹತ್ತಿಸುವುದು ನಮ್ಮ ಪ್ರಕಾರ ಬೇಡ. ಹನ್ನೆರಡು ಜನ, ಒಬ್ಬೊಬ್ಬರ ಸೊಂಟದಲ್ಲಿ ಹತ್ತು ಕಿಲೋಗಿಂತ ಹೆಚ್ಚಿನ ಡೊಳ್ಳು, ಎಲ್ಲರೂ ಒಂದೇ ತಾಳಕ್ಕೆ ನೆಗೆಯುತ್ತಾರೆ. ಜೋಡಿಸುವ ಕಬ್ಬಿಣದ ವೇದಿಕೆಯ ಲಾಕ್‌ಗಳು ಆ ಹೊಡೆತಕ್ಕೆ ಸಡಿಲವಾಗುತ್ತವೆ. ವೇದಿಕೆಯ ಮುಂದೆ 40 ಅಡಿ ಮಣ್ಣಿನ ಜಾಗ ಬಿಟ್ಟು ಅಲ್ಲೇ ಆಡಿಸಿ. ಕಾಲು ನೆಲದ ಮೇಲಿದ್ದರೆ ಅವರಿಗೂ ಸುಖ, ನೋಡುವವರಿಗೂ ಹತ್ತಿರ.

ಮೈಕ್ ಕೂಗುತ್ತದೆ, ಮಾತು ಕೇಳಿಸುವುದಿಲ್ಲ. ಏನು ಮಾಡಬೇಕು?

ಕೂಗುವುದಕ್ಕೆ ಕಾರಣ ಸ್ಪೀಕರಿನ ದನಿ ಮತ್ತೆ ಮೈಕಿಗೇ ಹೋಗಿ ಸೇರುವುದು. ಮುಖ್ಯ ಸ್ಪೀಕರ್‌ಗಳು ಯಾವಾಗಲೂ ಮೈಕ್‌ಗಳಿಗಿಂತ ಮುಂದೆ, ಪ್ರೇಕ್ಷಕರ ಕಡೆ ಇರಬೇಕು. ನಾಟಕಕ್ಕೆ ವೇದಿಕೆಯ ಅಂಚಿನಲ್ಲಿ ಮೂರು ಮೈಕ್ ನೆಲಮಟ್ಟದಲ್ಲಿ ಸಾಕು. ಮೇಲಿಂದ ತೂಗುಬಿಟ್ಟ ಮೈಕ್ ಗಾಳಿಗೆ ಅಲ್ಲಾಡಿ ಬುರುಬುರು ಎನ್ನುತ್ತದೆ, ಚಿತ್ರದುರ್ಗದ ಗುಡ್ಡದ ಗಾಳಿಗಂತೂ ಆಗುವುದೇ ಇಲ್ಲ. ಮೈಕಿಗೆ ಸ್ಪಂಜಿನ ಟೋಪಿ ಹಾಕಿ. ಡೊಳ್ಳು, ಹಲಗೆಗೆ ಮೈಕ್ ಬೇಡವೇ ಬೇಡ. ಗಣೆಗೆ ಮಾತ್ರ ಅರ್ಧ ಅಡಿ ಹತ್ತಿರ ಹಿಡಿಯಬೇಕು.

ಹಾಡುವವರಿಗೆ ತಮ್ಮ ದನಿ ಕೇಳಲು ಎರಡು ಮಾನಿಟರ್ ಸ್ಪೀಕರ್ ಕೇಳಿ ಪಡೆಯಿರಿ. ಅದಿಲ್ಲದಿದ್ದರೆ ಶ್ರುತಿ ತಪ್ಪುವುದು ಸಹಜ, ತಪ್ಪು ಗಾಯಕರದಲ್ಲ. ಧ್ವನಿಮುದ್ರಿತ ಹಾಡುಗಳನ್ನು ಎಲ್ಲ ತಂಡಗಳಿಂದ ಹಿಂದಿನ ದಿನವೇ ಪಡೆದು, ಸರದಿ ಸಂಖ್ಯೆ ಹಾಕಿ, ಒಂದೇ ಲ್ಯಾಪ್‌ಟಾಪಿನಲ್ಲಿ ಇಡಿ. ಮೊಬೈಲ್‌ನಿಂದ ಹಾಕಿದರೆ ನಡುವೆ ಕರೆ ಬರುತ್ತದೆ.

ಎಷ್ಟು ದೊಡ್ಡ ಜನರೇಟರ್ ಬೇಕು?

ಅಂದಾಜಿಗೆ ಹೇಳಬೇಡಿ, ಕೂಡಿಸಿ. 150 ವ್ಯಾಟ್‌ನ 24 ಎಲ್‌ಇಡಿ ದೀಪ 3.6 ಕಿಲೋವ್ಯಾಟ್. 1,000 ವ್ಯಾಟ್‌ನ 8 ಹ್ಯಾಲೊಜನ್ 8 ಕಿಲೋವ್ಯಾಟ್. ಧ್ವನಿ ವ್ಯವಸ್ಥೆ ಸುಮಾರು 5, ಫ್ಯಾನ್–ಕೂಲರ್ 3. ಒಟ್ಟು ಸುಮಾರು 20 ಕಿಲೋವ್ಯಾಟ್. ಜನರೇಟರ್‌ನ ಅಳತೆ ಹೇಳುವುದು ಕೆವಿಎಯಲ್ಲಿ, ಅದಕ್ಕಾಗಿ ಇದನ್ನು 0.8ರಿಂದ (ಪವರ್ ಫ್ಯಾಕ್ಟರ್) ಭಾಗಿಸಿದರೆ 25 ಕೆವಿಎ. ಏರಿಳಿತಕ್ಕೆ ಜಾಗ ಬಿಟ್ಟು 40 ಕೆವಿಎ ಜನರೇಟರ್ ತರಿಸಿ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಹೊರೆಯಲ್ಲಿ ಗಂಟೆಗೆ 5ರಿಂದ 7 ಲೀಟರ್ ಡೀಸೆಲ್ ಕುಡಿಯುತ್ತದೆ.

ಧ್ವನಿ ಒಂದು ಫೇಸ್, ಬೆಳಕು ಇನ್ನೆರಡು ಫೇಸ್. ಎರಡನ್ನೂ ಒಂದರಲ್ಲೇ ಹಾಕಿದರೆ ದೀಪ ಕಡಿಮೆ–ಹೆಚ್ಚು ಮಾಡುವಾಗಲೆಲ್ಲ ಸ್ಪೀಕರಿನಲ್ಲಿ ಗುಂಯ್ ಎನ್ನುತ್ತದೆ. ನ್ಯೂಟ್ರಲ್ ತಂತಿ ಸಡಿಲವಿದ್ದರೆ ವೋಲ್ಟೇಜ್ ಏರಿ ಮಿಕ್ಸರ್, ಆಂಪ್ಲಿಫೈಯರ್ ಸುಟ್ಟುಹೋಗುತ್ತವೆ. ಸಂಪರ್ಕ ಕೊಡುವ ಮುಂಚೆ ಎಲೆಕ್ಟ್ರಿಷಿಯನ್ ಪ್ರತಿ ಫೇಸಿನ ವೋಲ್ಟೇಜ್ ಅಳೆದು ತೋರಿಸಲಿ. ಅರ್ಥಿಂಗ್ ಗುಂಡಿಗೆ ನೀರು ಹಾಕಿ. ಬೇಸಿಗೆಯಲ್ಲಿ ಒಣಗಿದ ಮಣ್ಣಿನಲ್ಲಿ ಅರ್ಥಿಂಗ್ ಕೆಲಸ ಮಾಡುವುದಿಲ್ಲ.

ರಂಗೋಲಿ, ಚಿತ್ರಕಲೆ, ಮಣ್ಣಿನ ಕಲೆಯ ಸ್ಪರ್ಧೆಗೆ ಬಿಸಿಲು ತೊಂದರೆ ಕೊಡುವುದಿಲ್ಲವೇ?

ಕೊಡುತ್ತದೆ, ಒಂದೊಂದಕ್ಕೆ ಒಂದೊಂದು ಬಗೆಯಲ್ಲಿ. ರಂಗೋಲಿಗೆ ಫ್ಯಾನ್ ಹಾಕಿದರೆ ಪುಡಿ ಹಾರುತ್ತದೆ, ಹಾಕದಿದ್ದರೆ ಹಣೆಯ ಬೆವರು ಹನಿದು ಎಳೆ ಕಲಸಿಹೋಗುತ್ತದೆ. ಬೆಳಿಗ್ಗೆ 7:30ಕ್ಕೇ ಶುರು ಮಾಡಿ 10ಕ್ಕೆ ಮುಗಿಸಿ, ಎಲ್ಲರಿಗೂ ಹಣೆಗೆ ಕಟ್ಟಲು ಒಂದು ಬಟ್ಟೆ ಕೊಡಿ. ಪಡಸಾಲೆಯ ಸಿಮೆಂಟ್ ನೆಲ ಒಳ್ಳೆಯದು. ನುಣುಪಾದ ಟೈಲ್ಸ್ ಮೇಲೆ ಪುಡಿ ನಿಲ್ಲದೆ ಜಾರುತ್ತದೆ.

ಜಲವರ್ಣ ಬಿಸಿಗಾಳಿಗೆ ಕ್ಷಣದಲ್ಲಿ ಒಣಗಿ ಅಂಚು ಗಟ್ಟಿಯಾಗುತ್ತದೆ, ಆಕಾಶ ಬರೆಯುವವರಿಗೆ ಇದು ದೊಡ್ಡ ತಲೆನೋವು. ನೆರಳು, ನೀರು ಸಿಂಪಡಿಸುವ ಚಿಕ್ಕ ಬಾಟಲಿ, ಕಾಗದ ಒತ್ತಲು ಕ್ಲಿಪ್ಪು, ಇಷ್ಟು ಇರಲಿ. ಹೊಂಗೆ ಮರದಡಿ ಕೂರಿಸುವವರು ಮೇಲೆ ಒಂದು ಬಟ್ಟೆ ಕಟ್ಟಿ, ಹೂವು, ಹುಳ, ಹಕ್ಕಿ ಹಿಕ್ಕೆ ಎಲ್ಲ ಕಾಗದದ ಮೇಲೇ ಬೀಳುತ್ತವೆ. ಜೇಡಿಮಣ್ಣಿಗೆ ಒಬ್ಬರಿಗೆ 5 ಕಿಲೋ ಸಾಕು. ಹಿಂದಿನ ರಾತ್ರಿಯೇ ನಾದಿ ಒದ್ದೆ ಗೋಣಿಚೀಲದಲ್ಲಿ ಸುತ್ತಿಡಿ. ತೆಳುವಾದ ಕೈಬೆರಳು, ಕಿವಿ ಮೊದಲು ಒಣಗಿ ಬಿರುಕು ಬಿಡುತ್ತವೆ, ಅವನ್ನು ಒದ್ದೆ ಹತ್ತಿಯಿಂದ ಮುಚ್ಚುತ್ತಾ ಕೆಲಸ ಮಾಡಲು ಹೇಳಿ.

ಚಿತ್ರ ಪ್ರದರ್ಶನಕ್ಕೆ ಎತ್ತರ, ಬೆಳಕು ಹೇಗೆ?

ದಾವಣಗೆರೆಯಲ್ಲಿ ವಿಶ್ವವಿದ್ಯಾನಿಲಯದ್ದೇ ದೃಶ್ಯಕಲಾ ಮಹಾವಿದ್ಯಾಲಯ ಇದೆ. ಅಲ್ಲಿನ ವಿದ್ಯಾರ್ಥಿಗಳನ್ನು ಜೋಡಣೆಗೆ ಕರೆದರೆ ಅರ್ಧ ಕೆಲಸ ಸಲೀಸು. ಚಿತ್ರದ ನಡುಭಾಗ ನೆಲದಿಂದ 57–60 ಇಂಚಿಗೆ ಬರಲಿ. ಎಲ್ಲ ಚಿತ್ರಗಳ ಮೇಲಂಚು ಒಂದೇ ಸಾಲಿಗೆ ತರುವುದಕ್ಕಿಂತ ನಡುಗೆರೆ ಒಂದೇ ಸಾಲಿನಲ್ಲಿದ್ದರೆ ಕಣ್ಣಿಗೆ ಹಿತ. ದೀಪ ಮೇಲಿನಿಂದ ಸುಮಾರು 30 ಡಿಗ್ರಿ ಓರೆಯಲ್ಲಿ ಬಿದ್ದರೆ ಗಾಜಿನ ಹೊಳಪು ಹೊಡೆಯುವುದಿಲ್ಲ. ಪಶ್ಚಿಮದ ಕಿಟಕಿ ಎದುರು ಜಲವರ್ಣ ಬೇಡ. ಪ್ರತಿ ಚಿತ್ರಕ್ಕೂ ಹೆಸರು, ಮಾಧ್ಯಮ, ಅಳತೆ, ವರ್ಷ ಬರೆದ ಚೀಟಿ ಇರಲಿ.

ಫ್ಲೆಕ್ಸ್ ಹಾಕಬಹುದೇ?

ಇಲ್ಲ. ಪ್ಲಾಸ್ಟಿಕ್ ಫ್ಲೆಕ್ಸ್ ರಾಜ್ಯದಲ್ಲಿ 2016ರಿಂದ ನಿಷೇಧದಲ್ಲಿದೆ. ಬಟ್ಟೆ ಮೇಲೆ ಕೈಯಲ್ಲಿ ಬರೆಸಿ, ದೃಶ್ಯಕಲೆಯ ಹುಡುಗರಿಗೂ ಕೆಲಸ ಸಿಗುತ್ತದೆ.

ಯುವಜನೋತ್ಸವದ ನಿಯಮಕ್ಕೆ ಹೊಂದುವಂತೆ ಸ್ಪರ್ಧೆ ಮಾಡಬೇಕೇ?

ಮಾಡಿದರೆ ನಿಮ್ಮ ವಿದ್ಯಾರ್ಥಿಗಳಿಗೆ ಮುಂದೆ ಅನುಕೂಲ. ಭಾರತೀಯ ವಿಶ್ವವಿದ್ಯಾಲಯಗಳ ಒಕ್ಕೂಟದ ಯುವಜನೋತ್ಸವದಲ್ಲಿ ಸಂಗೀತ, ನೃತ್ಯ, ಸಾಹಿತ್ಯ, ರಂಗಭೂಮಿ, ಲಲಿತಕಲೆ ಎಂಬ ಐದು ವಿಭಾಗಗಳಿವೆ. ಜನಪದ ನೃತ್ಯಕ್ಕೆ 10 ಜನ, 10 ನಿಮಿಷ. ಏಕಾಂಕಕ್ಕೆ 9 ಜನ, 30 ನಿಮಿಷ. ಪ್ರಹಸನಕ್ಕೆ 6 ಜನ, 10 ನಿಮಿಷ. ಮೂಕಾಭಿನಯಕ್ಕೆ 6 ಜನ, 5 ನಿಮಿಷ. ಸಮೂಹಗಾನಕ್ಕೆ 6 ಜನ, ಸಿನಿಮಾ ಹಾಡು ಬೇಡ. ಚಿತ್ರಕಲೆ, ಕೊಲಾಜ್, ರಂಗೋಲಿ, ಮಣ್ಣಿನ ಕಲೆಗೆ ಎರಡೂವರೆ ಗಂಟೆ. ಸ್ಪರ್ಧಿಗಳು ಆ ವರ್ಷದ ಜುಲೈ 1ಕ್ಕೆ 25 ವರ್ಷದೊಳಗಿರಬೇಕು. ಆಯಾ ವರ್ಷದ ನಿಯಮಪುಸ್ತಕ ತರಿಸಿ ಒಮ್ಮೆ ಹೋಲಿಸಿ ನೋಡಿ.

ತೀರ್ಪುಗಾರರು ಮೂವರಿರಲಿ, ಸ್ಪರ್ಧಿಸುವ ವಿಭಾಗದ ಅಧ್ಯಾಪಕರು ಬೇಡ. ಅಂಕದ ಹಾಳೆಯಲ್ಲಿ ಯಾವುದಕ್ಕೆ ಎಷ್ಟು ಅಂಕ ಎಂಬುದನ್ನು ಮೊದಲೇ ಅಚ್ಚು ಹಾಕಿಸಿ ಸೂಚನಾ ಫಲಕಕ್ಕೂ ಅಂಟಿಸಿ. ಜಗಳ ಹೆಚ್ಚಾಗಿ ಬರುವುದು ಸಮಯ ಮೀರಿದ್ದಕ್ಕೆ. ಕೊನೆಯ ಒಂದು ನಿಮಿಷ ಉಳಿದಾಗ ಹಳದಿ ದೀಪ, ಮುಗಿದಾಗ ಕೆಂಪು ದೀಪ ತೋರಿಸಿದರೆ ವಾದಕ್ಕೆ ಜಾಗವೇ ಇರುವುದಿಲ್ಲ.

ನಾಟಕಕ್ಕೆ ಎಷ್ಟು ದಿನ ಅಭ್ಯಾಸ? ನಿರ್ದೇಶಕರು ಎಲ್ಲಿ ಸಿಗುತ್ತಾರೆ?

ಅರ್ಧ ಗಂಟೆಯ ಏಕಾಂಕಕ್ಕೆ ದಿನಕ್ಕೆ ಎರಡು ಗಂಟೆಯಂತೆ 25 ದಿನ. ಮೊದಲ ವಾರ ಓದು ಮತ್ತು ಉಚ್ಚಾರ, ಎರಡನೇ ವಾರ ಚಲನೆ, ಹತ್ತನೇ ದಿನಕ್ಕೆ ಪುಸ್ತಕ ಕೈಬಿಡಬೇಕು, ಕೊನೆಯ ಐದು ದಿನ ಸಂಗೀತ–ಬೆಳಕಿನ ಜೊತೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ರಂಗಶಾಲೆಯಲ್ಲಿ ಕಲಿತವರು, 1997ರಿಂದ ತಿರುಗಾಟ ಮಾಡುತ್ತಿರುವ ಶಿವಸಂಚಾರ ನಾಟಕ ತಂಡದಲ್ಲಿ ನಟಿಸಿದವರು ಎರಡೂ ಜಿಲ್ಲೆಗಳಲ್ಲಿ ಇದ್ದಾರೆ. ದಾವಣಗೆರೆ ಚಿಂದೋಡಿ ಲೀಲಾ ಅವರಂಥ ಕಲಾವಿದರನ್ನು ಕೊಟ್ಟ ವೃತ್ತಿರಂಗಭೂಮಿಯ ಊರು. ನಾಟಕ ಕಂಪನಿಯಲ್ಲಿ ದುಡಿದ ಹಿರಿಯ ಹಾರ್ಮೋನಿಯಂ ವಾದಕರನ್ನು, ಪರದೆ ಬರೆಯುವವರನ್ನು ಎರಡು ದಿನ ಕರೆಸಿ ಮಕ್ಕಳ ಜೊತೆ ಕೂರಿಸಿ. ಅವರಿಂದ ಕಲಿಯುವ ಅವಕಾಶ ವರ್ಷ ಕಳೆದಂತೆ ಕಡಿಮೆಯಾಗುತ್ತಿದೆ.

ನೀರು, ಊಟ, ಬಿಸಿಲಿನ ಸುಸ್ತು?

500 ಜನರ ದಿನಪೂರ್ತಿ ಕಾರ್ಯಕ್ರಮಕ್ಕೆ ತಲೆಗೆ 3 ಲೀಟರಿನಂತೆ 1,500 ಲೀಟರ್ ಕುಡಿಯುವ ನೀರು, ಅಂದರೆ 20 ಲೀಟರಿನ 75 ಕ್ಯಾನ್. ಒಂದೇ ಕಡೆ ಇಟ್ಟರೆ ನೂಕುನುಗ್ಗಲು, ನಾಲ್ಕು ಕಡೆ ಹಂಚಿ ಇಡಿ. ಮಜ್ಜಿಗೆಗೆ ಒಂದು ಲೀಟರ್ ಮೊಸರಿಗೆ ನಾಲ್ಕು ಲೀಟರ್ ನೀರು. 200 ಮಿಲಿ ಲೋಟದಲ್ಲಿ 25 ಲೋಟ ಬರುತ್ತದೆ. 500 ಲೋಟಕ್ಕೆ 20 ಲೀಟರ್ ಮೊಸರು. ಶುಂಠಿ, ಕರಿಬೇವು, ಇಂಗು, ಉಪ್ಪು ಮೊದಲೇ ಅರೆದಿಟ್ಟುಕೊಂಡು, ಮೊಸರು ಕಡೆಯುವುದನ್ನು ಹಂಚುವ ಅರ್ಧ ಗಂಟೆ ಮುಂಚೆ ಮಾಡಿ. ಬೆಳಿಗ್ಗೆಯೇ ಕಡೆದಿಟ್ಟರೆ ಮಧ್ಯಾಹ್ನಕ್ಕೆ ಹುಳಿ.

ಬೆಣ್ಣೆ ದೋಸೆ, ಮಂಡಕ್ಕಿ–ಮಿರ್ಚಿ ಅಂಗಡಿಗಳಿಲ್ಲದೆ ದಾವಣಗೆರೆಯಲ್ಲಿ ಉತ್ಸವ ಆಗದು. ಅವನ್ನು ಪೆಂಡಾಲಿನಿಂದ 50 ಅಡಿ ದೂರ, ಗಾಳಿ ಪೆಂಡಾಲಿನಿಂದ ಅಂಗಡಿ ಕಡೆಗೆ ಬೀಸುವ ಬದಿಯಲ್ಲಿ ಇಡಿ. ಸಿಲಿಂಡರ್ ನೆರಳಿನಲ್ಲಿ, ನೆಟ್ಟಗೆ, ಒಲೆಯಿಂದ ದೂರ. ನರ್ಗಿಸ್ ಮಂಡಕ್ಕಿಗೆ ಪ್ಲಾಸ್ಟಿಕ್ ತೊಟ್ಟೆಯ ಬದಲು ಪೇಪರ್ ಪೊಟ್ಟಣ.

ಕುಣಿಯುವವರಿಗೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕರಗಿಸಿ ಕೊಡಿ. ತಲೆ ಸುತ್ತಿದವರನ್ನು ನೆರಳಿಗೆ ತಂದು ಕಾಲು ಎತ್ತರಿಸಿ ಮಲಗಿಸಿ, ಬಿಗಿಯಾದ ವೇಷ ಬಿಚ್ಚಿ. ಮೈ ಸುಡುತ್ತಿದ್ದು ಮಾತು ತೊದಲುತ್ತಿದ್ದರೆ ಬಾಯಿಗೆ ಏನೂ ಹಾಕದೆ ಮೈಗೆ ನೀರು ಸುರಿದು ಗಾಳಿ ಹಾಕುತ್ತಾ 108ಕ್ಕೆ ಕರೆ ಮಾಡಿ.

ದಿಢೀರನೆ ಮಳೆ ಬಂದರೆ?

ಮಾರ್ಚ್ ಕೊನೆಯ ರೇವತಿ, ಏಪ್ರಿಲ್‌ನ ಅಶ್ವಿನಿ, ಭರಣಿ ಮಳೆಗಳು ಬರುವುದು ಸಂಜೆ ಹೊತ್ತಿಗೇ, ಗಾಳಿ–ಗುಡುಗಿನ ಜೊತೆ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂದು ರೈತರು ಕಾಯುವ ಮಳೆ ಅದು, ಪೆಂಡಾಲಿಗೆ ಮಾತ್ರ ಕಂಟಕ. ಅಪಾಯ ನೀರಿಗಿಂತ ಗಾಳಿಯದ್ದು. ಸುತ್ತ ಕಟ್ಟಿದ ಪರದೆ ಹಾಯಿಯಂತೆ ಗಾಳಿ ತುಂಬಿಕೊಂಡು ಕಂಬ ಕೀಳುತ್ತದೆ. ಪಕ್ಕದ ಪರದೆಗಳಿಗೆ ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕಿಸಿ, ಅದನ್ನು ಬಿಚ್ಚಲು ನಾಲ್ವರನ್ನು ಹೆಸರಿಟ್ಟು ನೇಮಿಸಿ. ಪಶ್ಚಿಮದಲ್ಲಿ ಮೋಡ ಕಪ್ಪಾಗಿ ತಣ್ಣನೆ ಗಾಳಿ ಬಂತೆಂದರೆ ಕಾಯಬೇಡಿ. ಎಲ್‌ಇಡಿ ಪರದೆ ಇಳಿಸಿ, ಮುಖ್ಯ ಸ್ವಿಚ್ ತೆಗೆದು, ಜನರನ್ನು ಕಟ್ಟಡದೊಳಗೆ ಕಳಿಸಿ. ಮರದಡಿ, ಪೆಂಡಾಲ್ ಕಂಬದ ಹತ್ತಿರ ಯಾರೂ ನಿಲ್ಲಬಾರದು. ಒಳಾಂಗಣ ಸಭಾಂಗಣದ ಬೀಗದ ಕೈ ಸಂಜೆ 5ರಿಂದಲೇ ಸಂಚಾಲಕರ ಜೇಬಿನಲ್ಲಿರಲಿ.

ರಾತ್ರಿ ವಿದ್ಯಾರ್ಥಿನಿಯರು ಊರಿಗೆ ಹೋಗುವುದು ಹೇಗೆ?

ಶಿವಗಂಗೋತ್ರಿ, ಜ್ಞಾನಗಂಗೋತ್ರಿ ಎರಡೂ ಊರ ಹೊರಗಿವೆ. ಕೊನೆಯ ಸಿಟಿ ಬಸ್ಸಿನ ಸಮಯ ವಿಚಾರಿಸಿ, ಕಾರ್ಯಕ್ರಮ ಅದಕ್ಕೆ ಮೀರುವುದಿದ್ದರೆ ಸಂಸ್ಥೆಯ ಬಸ್ ಇಡಿ. ಯಾರು ಎಲ್ಲಿ ಇಳಿಯುತ್ತಾರೆ ಎಂದು ಹೆಸರಿನ ಪಟ್ಟಿ ಮಾಡಿ, ಬಸ್ಸಿನಲ್ಲಿ ಒಬ್ಬ ಅಧ್ಯಾಪಕಿ ಹೋಗಲಿ. ಹಾಸ್ಟೆಲ್ ಬಾಗಿಲಿನ ಸಮಯ ಸಡಿಲಿಸಲು ವಾರ್ಡನ್‌ಗೆ ಮೂರು ದಿನ ಮುಂಚೆ ಪತ್ರ ಕೊಡಿ. ಇದನ್ನು ಮಾಡದಿದ್ದರೆ ನಾಟಕ ಮುಗಿಯುವ ಮೊದಲೇ ಅರ್ಧ ಪಾತ್ರಧಾರಿಗಳು ಬಣ್ಣ ಒರೆಸಿಕೊಂಡು ಓಡಬೇಕಾಗುತ್ತದೆ.

ಮುಗಿದ ಮೇಲೆ ಬಾಕಿ ಉಳಿಯುವ ಕೆಲಸ ಯಾವುದು?

ಮರುದಿನ ಬೆಳಿಗ್ಗೆ ಮೈದಾನದಲ್ಲಿ ಕಟ್ಟುತಂತಿ, ಮೊಳೆ, ಗೂಟ ಆಯಿರಿ. ಮೇಯಲು ಬರುವ ದನಗಳ ಬಾಯಿಗೆ ಹೋಗುವುದು ಇವೇ. ಗೂಟದ ಗುಂಡಿ ಮುಚ್ಚಿ. ಬಾಡಿಗೆ ವೇಷ, ಗೆಜ್ಜೆಗಳನ್ನು ಬೆವರು ಆರುವಂತೆ ನೆರಳಲ್ಲಿ ಹರವಿ, ಎಣಿಸಿ ಮರಳಿಸಿ. ಪ್ರಮಾಣಪತ್ರಗಳನ್ನು ಹದಿನೈದು ದಿನದೊಳಗೆ ಕೊಡಿ. ಎಲ್ಲಕ್ಕಿಂತ ತುರ್ತಿನದು ಬಿಲ್ಲು. ಮಾರ್ಚ್ 31ಕ್ಕೆ ಆರ್ಥಿಕ ವರ್ಷ ಮುಗಿಯುತ್ತದೆ, ಕೊನೆಯ ವಾರ ಹಣಕಾಸು ವಿಭಾಗದಲ್ಲಿ ಕಡತದ ರಾಶಿ. ಕಾರ್ಯಕ್ರಮ ಮಾರ್ಚ್ 15ರ ಆಸುಪಾಸಿನಲ್ಲಿದ್ದರೆ ಐದು ದಿನದೊಳಗೆ ರಸೀದಿ, ಹಾಜರಿ, ಫೋಟೊ ಸಮೇತ ಕಡತ ಒಳಗೆ ಹೋಗಬೇಕು, ಅದರಲ್ಲೂ ಕಲಾವಿದರ ಸಂಭಾವನೆಯ ಹಾಳೆ ಎಲ್ಲಕ್ಕಿಂತ ಮೇಲಿರಬೇಕು.